ಟೊಪ್ಪಿಗೆ ಅಂಚಿನ ಕೂದಲು ಯಾರದು? ಫರ್ ಕೊಳ್ಳುವ ಮುಂಚೆ ಗುರುತು ಹಿಡಿಯುವುದು ಹೇಗೆ

ಧಾರವಾಡದಲ್ಲಿ ಮನೆಯಲ್ಲೇ ಮಷಿನ್ ಇಟ್ಟುಕೊಂಡು ಹೊಲಿಗೆ ಮಾಡುತ್ತೇನೆ. ಪ್ಯಾಂಟ್ ಗಿಡ್ಡ ಮಾಡುವುದು, ಬ್ಲೌಸ್ ಬಿಚ್ಚಿ ಸಡಿಲ ಮಾಡುವುದು, ಜಿಪ್ ಹಚ್ಚುವುದು, ಇಂಥ ಕೆಲಸವೇ ಜಾಸ್ತಿ. ಹೋದ ಚಳಿಗಾಲದಲ್ಲಿ ನಮ್ಮ ಓಣಿಯ ಕಾಕಾ ಒಬ್ಬರು ಒಂದು ದಪ್ಪ ಜಾಕೆಟ್ ತಂದರು. ಮಗ ಕೆನಡಾದಿಂದ ಕಳಿಸಿದ್ದು. ಟೊಪ್ಪಿಗೆಯ ಅಂಚಿಗೆ ಉದ್ದ ಕೂದಲಿನ ಪಟ್ಟಿ ಇತ್ತು. ಕಣ್ಣಿಗೆ ಬರುತ್ತದೆ, ಸ್ವಲ್ಪ ಮಡಚಿ ಹೊಲಿದುಕೊಡು ಅಂದರು.

ಸೂಜಿ ಹೋಗಲಿಲ್ಲ. ಜೀನ್ಸ್ ಹೊಲಿಯುವ 16 ನಂಬರಿನ ಸೂಜಿ ಹಾಕಿದೆ, ಅದೂ ಕಟ್ ಅಂತ ನಿಂತಿತು. ಸರಿ, ಬ್ಲೇಡ್ ತಗೊಂಡು ಪಟ್ಟಿಯ ಹಿಂದಿನ ಹೊಲಿಗೆಯನ್ನು 2 ಇಂಚು ಬಿಚ್ಚಿ ಮಗುಚಿ ನೋಡಿದೆ. ಒಳಗೆ ಬಟ್ಟೆ ಇರಲಿಲ್ಲ. ತೆಳ್ಳನೆಯ ಬಿಳಿ ಚರ್ಮ ಇತ್ತು. ಬೆರಳಗಲದ ತುಂಡುಗಳನ್ನು ಸಾಲಾಗಿ ಜೋಡಿಸಿ, ಕಣ್ಣು ಕಿರಿದು ಮಾಡಿ ನೋಡಿದರಷ್ಟೇ ಕಾಣುವ ಸಣ್ಣ ಹೊಲಿಗೆ ಹಾಕಿದ್ದರು. ಮೃದುವಾಗಿತ್ತು, ಕಿವಿಯ ಹಾಲೆ ಮುಟ್ಟಿದ ಹಾಗೆ. ಕಾಕಾಗೆ ತೋರಿಸಿದೆ.

"ಅಯ್ಯ ಶಿವನ, ಇದು ಪ್ರಾಣಿದ ಏನವಾ?"

"ಹೌದ್ರಿ ಕಾಕಾರ."

"ಮೊಟ್ಟಿ ಸುದ್ದಾ ಮುಟ್ಟೋ ಮನಿ ಅಲ್ಲವಾ ನಮ್ಮದು." ಜಾಕೆಟ್ ಅಲ್ಲೇ ಬಿಟ್ಟು ಹೋದರು. ಎರಡು ದಿನ ಆಕಡೆ ಬರಲಿಲ್ಲ.

ಅವತ್ತಿನಿಂದ ಇದನ್ನು ಬರೆಯಬೇಕು ಅಂತ ಮನಸ್ಸಿನಲ್ಲಿತ್ತು. ಹುಬ್ಬಳ್ಳಿ-ಧಾರವಾಡದಲ್ಲಿ ಫರ್ ಕೋಟು ಹಾಕುವವರು ಯಾರಿದ್ದಾರೆ, ನಮಗ್ಯಾಕೆ ಈ ಉಸಾಬರಿ ಅಂತ ನಿಮಗೆ ಅನ್ನಿಸಬಹುದು. ಕೋಟು ಇಲ್ಲ, ನಿಜ. ಆದರೆ ತುಂಡು ತುಂಡಾಗಿ ಮನೆಗೆ ಬಂದು ಕೂತಿದೆ. ಜಾಕೆಟ್ ಅಂಚು, ಬ್ಯಾಗಿಗೆ ತೂಗುಬಿಡುವ ಕೂದಲಿನ ಗುಂಡು, ಮಕ್ಕಳ ಟೊಪ್ಪಿಗೆಯ ತುದಿಯ ಉಂಡೆ, ಮದುವೆ ಮೇಕಪ್ಪಿನ ರೆಪ್ಪೆ, ಬಣ್ಣ ಹಚ್ಚುವ ಬ್ರಷ್ಷು, ದೇವರ ಕೋಣೆಯ ಕೃಷ್ಣಾಜಿನ, ಅಂದರೆ ಕೃಷ್ಣಮೃಗದ ಚರ್ಮ. ಒಂದೊಂದನ್ನೂ ಹೇಗೆ ನೋಡಬೇಕು ಅಂತ ಹೇಳುತ್ತೇನೆ.

ಮೊದಲು ಅಂಗಡಿಯಲ್ಲಿ ಕೇಳುವ ರೀತಿ ಸರಿ ಮಾಡಿಕೊಳ್ಳಿ. ನಾನು ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ "ಅಣ್ಣಾರ, ಇದು ಅಸಲಿ ಫರ್ ಏನ್ರೀ?" ಅಂತ ಕೇಳಿದೆ. ಅವರು ಎದೆ ಉಬ್ಬಿಸಿ "ಅಸಲಿನ ಐತ್ರಿ ಅಕ್ಕಾರ, ನಕಲಿ ಮಾಲು ನಾವು ಇಡೂದೇ ಇಲ್ಲ" ಅಂದರು. ಮನೆಗೆ ತಂದು ನೋಡಿದರೆ ಪ್ಲಾಸ್ಟಿಕ್. ಅವರು ಸುಳ್ಳು ಹೇಳಲಿಲ್ಲ. ನಮ್ಮ ಪ್ಯಾಟಿಯಲ್ಲಿ ಅಸಲಿ ಅಂದರೆ ಒಳ್ಳೆ ಮಾಲು ಅಂತ ಅರ್ಥ, ಅಷ್ಟೇ. ಹಾಗಾಗಿ ಹಾಗೆ ಕೇಳಬೇಡಿ. "ಇದು ಪ್ರಾಣಿ ಕೂದಲೋ, ಪ್ಲಾಸ್ಟಿಕ್ಕೋ? ಪ್ರಾಣಿದಾದ್ರೆ ನನಗೆ ಬ್ಯಾಡ" ಅಂತ ನೇರವಾಗಿ ಹೇಳಿ. ಆಗ ಅವರೂ ಒಮ್ಮೆ ತಿರುಗಿಸಿ ನೋಡುತ್ತಾರೆ.

ಇನ್ನೊಂದು ಗೊಂದಲ ಆನ್‌ಲೈನ್‌ನಲ್ಲಿ. ಫ್ರೆಂಚಿನಿಂದ ಬಂದ ಒಂದು ಪದ ಇದೆ, ಬರೆಯುವುದು faux, ಓದುವುದು 'ಫೋ' ಅಂತ. ಫೋ ಫರ್ ಅಂದರೆ ಕೃತಕ ಫರ್. ಅದನ್ನೇ ನಮ್ಮಲ್ಲಿ ಬಹಳ ಜನ 'ಫಾಕ್ಸ್ ಫರ್' ಅಂತ ಓದುತ್ತಾರೆ. ಫಾಕ್ಸ್ (fox) ಫರ್ ಅಂದರೆ ನರಿಯ ತುಪ್ಪಳ. ಬಾಯಿಮಾತಿನಲ್ಲಿ ಎರಡೂ ಒಂದೇ ಆಗಿಬಿಟ್ಟಿವೆ, ಅರ್ಥ ಮಾತ್ರ ಪೂರ್ತಿ ಉಲ್ಟಾ. ಫೋನ್ ಪರದೆಯಲ್ಲಿ ಅಕ್ಷರಗಳನ್ನು ಒಂದೊಂದಾಗಿ ನೋಡಿ. ಕೋನಿ, ಲ್ಯಾಪಿನ್, ರೆಕ್ಸ್ ಅಂತ ಬರೆದಿದ್ದರೆ ಮೊಲ. 'ಏಷಿಯಾಟಿಕ್ ರಕೂನ್' ಅಂತಿದ್ದರೆ ಅದು ರಕೂನ್ ಡಾಗ್, ನಾಯಿಯ ಕುಲಕ್ಕೇ ಸೇರಿದ ಪ್ರಾಣಿ.

ಚೀಟಿ ನಂಬಬೇಡಿ. '100% ಪಾಲಿಯೆಸ್ಟರ್' ಅಂತ ಇದ್ದರೆ ಅದು ಜಾಕೆಟ್ಟಿನ ಬಟ್ಟೆಗೆ ಮಾತ್ರ ಹೇಳಿದ್ದಿರಬಹುದು, ಅಂಚಿನ ಕೂದಲಿಗಲ್ಲ. ಬೆಲೆ ನೋಡಿಯೂ ತೀರ್ಮಾನ ಮಾಡಬೇಡಿ. ಇಷ್ಟು ಅಗ್ಗಕ್ಕೆ ನಿಜವಾದ ಫರ್ ಎಲ್ಲಿಂದ ಬರಬೇಕು ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಮೊಲದ ಮತ್ತು ರಕೂನ್ ಡಾಗ್‌ನ ತುಪ್ಪಳ ಎಷ್ಟು ಅಗ್ಗ ಅಂದರೆ, ಕೃತಕ ಅಂತ ಹೆಸರು ಹಚ್ಚಿ ಮಾರಿದ ಬಟ್ಟೆಯಲ್ಲೂ ನಿಜವಾದದ್ದು ಸಿಕ್ಕಿಬಿದ್ದಿದೆ, ಬ್ರಿಟನ್ನಿನಲ್ಲಿ, ಅಮೆರಿಕದಲ್ಲಿ ಹೀಗೆ ಆಗಿದೆ. ಪಂಜರದಲ್ಲಿ ಬೆಳೆದ ಜೀವಕ್ಕಿಂತ ನೈಲಾನ್ ದುಬಾರಿ ಆಗುವ ಪರಿಸ್ಥಿತಿ.

ಇನ್ನು ಕೈಯಿಂದ ನೋಡುವುದು.

ಕೂದಲನ್ನು ಎರಡು ಹೆಬ್ಬೆರಳಿನಿಂದ ಬೈತಲೆ ತೆಗೆದ ಹಾಗೆ ಸರಿಸಿ, ಮೆಲ್ಲಗೆ ಊದಿ. ಬುಡ ಕಾಣಬೇಕು. ಬುಡದಲ್ಲಿ ನೇಯ್ಗೆಯ ಗೆರೆ, ದಾರದ ಜಾಲರಿ ಕಂಡರೆ ಕೃತಕ. ನುಣ್ಣನೆಯ ಚರ್ಮ ಕಂಡರೆ, ಕೂದಲು ಅದರೊಳಗಿಂದಲೇ ಎದ್ದಿದ್ದರೆ, ಪ್ರಾಣಿಯದು. ಕೂದಲಿನಲ್ಲಿ ಎರಡು ಪದರ ಇದೆಯೇ ಅಂತಲೂ ನೋಡಿ. ಮೇಲೆ ಉದ್ದನೆಯ ಗಟ್ಟಿ ಕೂದಲು, ಕೆಳಗೆ ಹತ್ತಿಯ ಹಾಗೆ ಒತ್ತಾದ ಮೆತ್ತನೆ ಕೂದಲು ಇದ್ದರೆ ಬಹುಮಟ್ಟಿಗೆ ಪ್ರಾಣಿಯದೇ. ಚಳಿ ನಾಡಿನ ಪ್ರಾಣಿಗಳಿಗೆ ಒಳಗೊಂದು ಉಣ್ಣೆಯಂಗಿ ಇರುತ್ತದೆ ಅಂದುಕೊಳ್ಳಿ.

ಆಮೇಲೆ ಗುಂಡುಪಿನ್ನು. ಬುಡಕ್ಕೆ ಚುಚ್ಚಿ. ಬಟ್ಟೆಯಾದರೆ ಸರಕ್ಕನೆ ಹೋಗುತ್ತದೆ. ಚರ್ಮವಾದರೆ ತಡೆಯುತ್ತದೆ, ನನ್ನ ಮಷಿನ್ ಸೂಜಿಗೆ ಆದ ಹಾಗೆ. ಕೂದಲಿನ ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದೂ ನೋಡಬಹುದು. ಪ್ರಾಣಿಯ ಕೂದಲು ಬೆಕ್ಕಿನ ಮೀಸೆಯ ಹಾಗೆ ಹೋಗುತ್ತಾ ಹೋಗುತ್ತಾ ಸಣ್ಣಗಾಗುತ್ತದೆ, ಕೃತಕದ್ದು ಕತ್ತರಿಸಿದ ಹಾಗೆ ಮೊಂಡಾಗಿರುತ್ತದೆ. ಆದರೆ ಪ್ರಾಣಿಯ ತುಪ್ಪಳವನ್ನೂ ಕೆಲವೊಮ್ಮೆ ಸಮ ಮಾಡಲು ಕತ್ತರಿಸುತ್ತಾರೆ, ಹಾಗಾಗಿ ಇದೊಂದನ್ನೇ ನೆಚ್ಚಬೇಡಿ.

ಸುಟ್ಟು ನೋಡುವುದು ಕೊನೆಯದು, ಅದೇ ಖಾತ್ರಿಯದು. ನಿಮ್ಮ ಸ್ವಂತ ವಸ್ತುವಾದರೆ ಮಾತ್ರ. ಅಂಗಡಿಯಲ್ಲಿ ಬೇಡ. ಮೂರ್ನಾಲ್ಕು ಕೂದಲು ಕಿತ್ತು, ಚಿಮಟದಲ್ಲಿ ಹಿಡಿದು, ಅಂಗಳದಲ್ಲಿ ಸ್ಟೀಲ್ ತಟ್ಟೆಯ ಮೇಲೆ ಕಡ್ಡಿ ಗೀರಿ. ಪ್ರಾಣಿಯದಾದರೆ ಒಲೆ ಮುಂದೆ ನಮ್ಮದೇ ಕೂದಲು ಸುಟ್ಟಾಗ ಬರುವ ಕಮಟು ವಾಸನೆ ಬರುತ್ತದೆ, ಉಳಿದದ್ದನ್ನು ಬೆರಳಲ್ಲಿ ತಿಕ್ಕಿದರೆ ಪುಡಿಯಾಗುತ್ತದೆ. ಪ್ಲಾಸ್ಟಿಕ್ ಆದರೆ ಸುರುಟಿ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ಬಿಸಿ ಇರುವಾಗ ಮುಟ್ಟಬೇಡಿ, ಬೆರಳಿಗೆ ಅಂಟುತ್ತದೆ.

ಗೊತ್ತಾಯಿತು, ಪ್ರಾಣಿಯದು. ಆದರೇನಂತೆ ಅಂತ ಕೇಳಿದರೆ ಏನು ಹೇಳಬೇಕು?

ಇದಕ್ಕೆ ನಾನು ಇಟ್ಟುಕೊಂಡಿರುವ ಅಳತೆ ಒಂದೇ, ಅದು ಕಂಬಳಿಯಿಂದ ಬಂದದ್ದು. ಲಕ್ಷ್ಮೇಶ್ವರದ ಕಡೆ ನನ್ನ ತವರು. ಸಣ್ಣವಳಿದ್ದಾಗ ಹಟ್ಟಿಯಲ್ಲಿ ಕುರಿಯ ಉಣ್ಣೆ ಕತ್ತರಿಸುವುದನ್ನು ಕೂತು ನೋಡುತ್ತಿದ್ದೆ. ವರ್ಷಕ್ಕೆ ಎರಡು ಸಲ. ಕುರಿಯನ್ನು ಕೆಡವಿ ಕಾಲು ಕಟ್ಟುತ್ತಾರೆ. ದೊಡ್ಡ ಕತ್ತರಿ ಕಚಕ್ ಕಚಕ್ ಅನ್ನುತ್ತದೆ. ಕಪ್ಪು ಉಣ್ಣೆ ಒಂದೇ ಹಾಸಿನ ಹಾಗೆ ಪಕ್ಕಕ್ಕೆ ಬೀಳುತ್ತದೆ. ಎಲ್ಲಾದರೂ ಕತ್ತರಿ ತಾಗಿ ರಕ್ತ ಬಂದರೆ ಅರಿಷಿಣ ಒತ್ತುತ್ತಾರೆ. ಕಾಲು ಬಿಚ್ಚಿದ ಕೂಡಲೇ ಕುರಿ ಎದ್ದು, ಮೈ ಕೊಡವಿ, ಒಮ್ಮೆ ಕೆಮ್ಮಿ, ಓಡಿ ಹಿಂಡಿಗೆ ಸೇರಿಕೊಳ್ಳುತ್ತದೆ. ಅದಕ್ಕೆ ಇಷ್ಟವಿತ್ತು ಅಂತ ನಾನು ಹೇಳುವುದಿಲ್ಲ. ಅದೇ ಕುರಿ ಮುಂದೊಂದು ದಿನ ಸಂತೆಗೆ ಹೋಗುತ್ತದೆ ಅನ್ನುವುದೂ ಗೊತ್ತಿದೆ. ಆದರೆ ಉಣ್ಣೆ ಕೊಟ್ಟ ಮೇಲೆ ಅದು ಎದ್ದು ಹೋಯಿತು. ತುಪ್ಪಳದ ವಿಷಯದಲ್ಲಿ ನಾನು ಕೇಳುವುದು ಅಷ್ಟೇ: ಕೊಟ್ಟ ಮೇಲೆ ಎದ್ದು ಹೋಯಿತಾ?

ಮಿಂಕ್ ಎದ್ದು ಹೋಗುವುದಿಲ್ಲ. ಅದು ಮುಂಗುಸಿಯಷ್ಟೇ ಉದ್ದದ, ನೀರಿನ ದಂಡೆಯಲ್ಲಿ ಬದುಕುವ, ಈಜಿ ಮೀನು ಹಿಡಿಯುವ ಪ್ರಾಣಿ. ಫಾರ್ಮಿನಲ್ಲಿ ಅದಕ್ಕೆ ತಂತಿ ಜಾಲರಿಯ ಪಂಜರ, ಕಾಲ ಕೆಳಗೂ ತಂತಿಯೇ. ಏಪ್ರಿಲ್-ಮೇ ಹೊತ್ತಿಗೆ ಮರಿ ಹುಟ್ಟುತ್ತವೆ. ಚಳಿಗೆ ತುಪ್ಪಳ ದಟ್ಟ ಆಗುತ್ತದಲ್ಲ, ಆ ನವೆಂಬರ್-ಡಿಸೆಂಬರ್‌ಗೆ ಕೊಲ್ಲುತ್ತಾರೆ. ಏಳೆಂಟು ತಿಂಗಳ ಆಯಸ್ಸು. ಚರ್ಮಕ್ಕೆ ಗಾಯ ಆಗಬಾರದು ಅಂತ ಗ್ಯಾಸ್ ಪೆಟ್ಟಿಗೆಗೆ ಹಾಕುತ್ತಾರೆ. ನರಿಗಾದರೆ ಬಾಯಿಗೊಂದು, ಗುದದ್ವಾರಕ್ಕೊಂದು ಕರೆಂಟಿನ ಸಲಾಕೆ. ಬರೆಯಲಿಕ್ಕೂ ಕೈ ಬರುವುದಿಲ್ಲ, ಆದರೆ ಇದನ್ನು ಬಿಟ್ಟು ಫರ್ ಬಗ್ಗೆ ಬರೆದರೆ ಅರ್ಧ ಸುಳ್ಳಾಗುತ್ತದೆ. ಒಂದು ಉದ್ದನೆಯ ಕೋಟಿಗೆ 50ರಿಂದ 60 ಮಿಂಕ್ ಬೇಕು. ಕರಾಕುಲ್ ಅನ್ನುವ ಗುಂಗುರು ಟೊಪ್ಪಿಗೆ ನೋಡಿರುತ್ತೀರಿ, ಅದು ಹುಟ್ಟಿದ ಕೆಲವೇ ದಿನದಲ್ಲಿ ಕೊಂದ ಕುರಿಮರಿಯ ಚರ್ಮ. ಮರಿ ಬೆಳೆದರೆ ಆ ಗುಂಗುರು ಬಿಚ್ಚಿಹೋಗುತ್ತದೆ, ಅದಕ್ಕೇ ಬೆಳೆಯಲು ಬಿಡುವುದಿಲ್ಲ.

ಶಾಲಿನ ವಿಷಯಕ್ಕೆ ಬಂದರೆ, ಪಶ್ಮಿನಾ ಬೇರೆ, ಶಹತೂಷ್ ಬೇರೆ. ಪಶ್ಮಿನಾ ಲಡಾಖಿನ ಮೇಕೆಯನ್ನು ಬಾಚಿ ತೆಗೆದ ಉಣ್ಣೆ, ಮೇಕೆ ಎದ್ದು ಹೋಗುತ್ತದೆ. ಶಹತೂಷ್‌ಗೆ ಚಿರು ಅನ್ನುವ ಟಿಬೆಟಿನ ಜಿಂಕೆಯಂಥ ಪ್ರಾಣಿಯನ್ನು ಕೊಲ್ಲಲೇಬೇಕು, ಒಂದು ಶಾಲಿಗೆ ಮೂರರಿಂದ ಐದು. ಉಂಗುರದೊಳಗೆ ತೂರುತ್ತದೆ ಅಂತ ಕಾಶ್ಮೀರ ಟೂರಿನಲ್ಲಿ ಯಾರಾದರೂ ಗುಟ್ಟಾಗಿ ತೋರಿಸಿದರೆ ಸುಮ್ನೆ ಎದ್ದು ಬನ್ನಿ. ಅದನ್ನು ಮಾರುವುದು ನಮ್ಮ ದೇಶದಲ್ಲಿ ಅಪರಾಧ.

ನಮ್ಮ ಕಾಲಲ್ಲಿರುವ ಚಪ್ಪಲಿಯೂ ಚರ್ಮವೇ ಅಲ್ವಾ ಅಂತ ತಂಗಿ ಕೇಳಿದಳು. ಸರಿಯಾದ ಪ್ರಶ್ನೆ. ಎಮ್ಮೆಯ ಚರ್ಮ ಬಹುಪಾಲು ಮಾಂಸದ ಜೊತೆ ಬರುವುದು, ಆ ಎಮ್ಮೆಯನ್ನು ಚಪ್ಪಲಿಗಾಗಿಯೇ ಸಾಕಿರುವುದಿಲ್ಲ. ಮಿಂಕನ್ನು, ಪಂಜರದ ನರಿಯನ್ನು ಸಾಕುವುದೇ ಅಂಚಿನ ಅಲಂಕಾರಕ್ಕೆ. ಇದರಿಂದ ಚಪ್ಪಲಿಯ ಲೆಕ್ಕ ಪೂರ್ತಿ ಚುಕ್ತಾ ಆಯಿತು ಅಂತ ನಾನು ಹೇಳುವುದಿಲ್ಲ. ಆದರೆ ಎರಡೂ ಒಂದೇ ಅಂತ ಹೇಳಿ ಎರಡರ ಯೋಚನೆಯನ್ನೂ ಬಿಟ್ಟುಬಿಡುವುದು ತಪ್ಪಿಸಿಕೊಳ್ಳುವ ದಾರಿ. ಉತ್ತರ ಧ್ರುವದ ಕಡೆಯ ಇನ್ಯೂಟ್ ಜನ ಸೀಲ್ ಬೇಟೆಯಾಡಿ ಅದನ್ನೇ ಉಂಡು ಅದನ್ನೇ ಉಡುತ್ತಾರೆ, ಅವರ ಮೇಲೆ ನಾನು ಬೆರಳು ತೋರಿಸಲಾರೆ. 2009ರಲ್ಲಿ ಯುರೋಪಿನ ಒಕ್ಕೂಟ ಸೀಲ್ ಮಾಲಿನ ಮಾರಾಟ ನಿಲ್ಲಿಸಿದಾಗಲೂ ಅವರಿಗೆ ವಿನಾಯಿತಿ ಕೊಟ್ಟಿತ್ತು.

ಜಗತ್ತು ಇದನ್ನು ಬಿಡುತ್ತಾ ಬಂದಿದೆ. ಬ್ರಿಟನ್ 2000ದಲ್ಲೇ ತುಪ್ಪಳದ ಫಾರ್ಮ್ ನಿಲ್ಲಿಸುವ ಕಾನೂನು ಮಾಡಿತು. 2020ರ ನವೆಂಬರ್‌ನಲ್ಲಿ ಡೆನ್ಮಾರ್ಕಿನ ಮಿಂಕ್‌ಗಳಿಗೆ ಕೊರೋನಾ ಹಬ್ಬಿ, ರೂಪ ಬದಲಿಸಿದ ವೈರಸ್ ಮತ್ತೆ ಜನರಿಗೇ ಬಂದಾಗ, ಅಲ್ಲಿನ ಸರ್ಕಾರ ಒಂದೂವರೆ ಕೋಟಿಗೂ ಹೆಚ್ಚು ಮಿಂಕ್‌ಗಳನ್ನು ಕೊಲ್ಲಲು ಹೇಳಿತು. 2021ರಲ್ಲಿ ನೆದರ್ಲ್ಯಾಂಡ್ಸ್‌ನಲ್ಲಿ ಮಿಂಕ್ ಸಾಕಣೆ ನಿಂತಿತು, ಅದೇ ವರ್ಷ ಇಸ್ರೇಲ್ ಫ್ಯಾಷನ್ನಿಗಾಗಿ ಫರ್ ಮಾರುವುದನ್ನೇ ನಿಷೇಧಿಸಿತು. ನಮ್ಮ ಭಾರತ 2017ರ ಜನವರಿಯಲ್ಲಿ ಮಿಂಕ್, ನರಿ, ಚಿಂಚಿಲ್ಲಾ ತುಪ್ಪಳದ ಚರ್ಮ ತರಿಸಿಕೊಳ್ಳುವುದನ್ನು ನಿಲ್ಲಿಸಿದೆ. ಹೊರದೇಶದಿಂದ ಬರುವ ನೆಂಟರ ಸೂಟ್‌ಕೇಸಿನಲ್ಲಿ ಬರುವ ಜಾಕೆಟ್ ಮಾತ್ರ ನಮ್ಮ ನಮ್ಮ ಕೈಯಲ್ಲೇ ಇದೆ. "ಕೂದಲು ಇರುವುದು ತರಬೇಡಪ್ಪಾ" ಅಂತ ಫೋನಿನಲ್ಲಿ ಮೊದಲೇ ಹೇಳಿ.

ನನಗೆ ಬಹಳ ಇಷ್ಟವಾದ ಸಂಗತಿ ಮಾತ್ರ ನಮ್ಮ ನೆರೆಯವರದು. ಹುಬ್ಬಳ್ಳಿಯಿಂದ ಒಂದೂವರೆ ತಾಸು ಹೋದರೆ ಮುಂಡಗೋಡದ ಟಿಬೆಟನ್ ಕ್ಯಾಂಪು. ಚಳಿಗಾಲದಲ್ಲಿ ಟಿಬೆಟನ್ನರ ಹತ್ತಿರ ಸ್ವೆಟರ್ ಕೊಂಡಿದ್ದು ನಮ್ಮಲ್ಲಿ ಯಾರಿಗೆ ನೆನಪಿಲ್ಲ? ಟಿಬೆಟಿನಲ್ಲಿ ಹಬ್ಬದ ಉಡುಪಿಗೆ ಹುಲಿ, ಚಿರತೆ, ನೀರುನಾಯಿಯ ಚರ್ಮದ ಅಂಚು ಹಚ್ಚುವುದು ಅಂತಸ್ತಿನ ಗುರುತಾಗಿತ್ತು. 2006ರ ಜನವರಿಯಲ್ಲಿ ಆಂಧ್ರದ ಅಮರಾವತಿಯಲ್ಲಿ ನಡೆದ ಕಾಲಚಕ್ರ ಅನ್ನುವ ದೊಡ್ಡ ಬೌದ್ಧ ಧರ್ಮಸಭೆಯಲ್ಲಿ ದಲೈ ಲಾಮಾ ಅವರು ಇದನ್ನು ಬಿಡಿ ಅಂತ ಕೇಳಿಕೊಂಡರು. ಸುದ್ದಿ ಟಿಬೆಟ್ ಮುಟ್ಟಿದ ಮೇಲೆ ಜನ ದುಬಾರಿ ಉಡುಪುಗಳನ್ನು ಬೀದಿಗೆ ತಂದು ರಾಶಿ ಹಾಕಿ ಸುಟ್ಟರು. ಹಳೆಯ ಪದ್ಧತಿ, ಹಿರಿಯರಿಂದ ಬಂದದ್ದು ಅಂತ ಹೇಳುವ ಅವಕಾಶ ಅವರಿಗೂ ಇತ್ತು.

ಅದಕ್ಕೇ ನಮ್ಮ ಮನೆಯ ಮಾತೂ ಆಡಬೇಕು. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸು ದಿನಾ ಹತ್ತುತ್ತೇವೆ. ಚಿಗರಿ ಅಂದರೆ ಕೃಷ್ಣಮೃಗ. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಲ್ಲೇ ಅದಕ್ಕಾಗಿ ಅಭಯಾರಣ್ಯ ಆಗಿದೆ. ಆದರೂ ಮುಂಜಿವೆಗೆ, ಜಪದ ಆಸನಕ್ಕೆ ಕೃಷ್ಣಾಜಿನ ಬೇಕು ಅಂತ ಕೇಳುವವರು ಇದ್ದಾರೆ. ಕೊಳ್ಳಬೇಡಿ, ಒಂದು ಚೂರನ್ನೂ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರದ್ದು. ಕೃಷ್ಣಮೃಗ ಅದರ ಮೊದಲ ಪಟ್ಟಿಯಲ್ಲಿದೆ. 3ರಿಂದ 7 ವರ್ಷ ಜೈಲು, ಕಡಿಮೆ ಅಂದರೂ 25,000 ರೂಪಾಯಿ ದಂಡ. ನಿಮ್ಮ ಪುರೋಹಿತರನ್ನು ಕೇಳಿ, ದರ್ಭೆ ಇಟ್ಟು ಮಾಡಿಸುವವರಿದ್ದಾರೆ. ಅಜ್ಜನ ಕಾಲದ ಚರ್ಮ ಟ್ರಂಕಿನಲ್ಲಿ ಇದ್ದರೆ ಮಾರಬೇಡಿ, ಯಾರಿಗೂ ಕೊಡಲೂಬೇಡಿ, ಎರಡೂ ಅಪರಾಧವಾಗುತ್ತವೆ. ಮಾಲೀಕತ್ವದ ಪ್ರಮಾಣಪತ್ರ ಇದೆಯೇ ಅಂತ ಹಳೆಯ ಕಾಗದ ಹುಡುಕಿ. ಇದ್ದರೆ ಅರಣ್ಯ ಇಲಾಖೆಗೆ ತಿಳಿಸಿ ಒಪ್ಪಿಸಲು ದಾರಿ ಇದೆ. ಇಲ್ಲದಿದ್ದರೆ ಮೊದಲು ಒಬ್ಬ ವಕೀಲರ ಹತ್ತಿರ ಮಾತಾಡಿ, ಆಮೇಲೆ ಹೋಗಿ. ಯಾರಾದರೂ ಮಾರುವುದು ಕಂಡರೆ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ.

ಬ್ರಷ್ಷಿನ ವಿಷಯ ನನಗೆ ಗೊತ್ತಾಗಿದ್ದು ಮಗಳಿಂದ. ಅವಳು ಚಿತ್ರ ಬರೆಯುತ್ತಾಳೆ. ಅವಳ ಡಬ್ಬಿಯಲ್ಲಿ ಒಂದು ಹಳೆಯ ಬ್ರಷ್ ಇತ್ತು. ಕೂದಲಿನ ಬುಡ ಕಪ್ಪು, ನಡುವೆ ಕೆನೆ ಬಣ್ಣ, ತುದಿ ಮತ್ತೆ ಕಪ್ಪು. ಅದು ಮುಂಗುಸಿಯ ಕೂದಲು. ಮುಂಗುಸಿಯ ಮೈ ಯಾಕೆ ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ ಅಂದರೆ ಅದರ ಒಂದೊಂದು ಕೂದಲೂ ಹೀಗೆ ಪಟ್ಟೆ ಪಟ್ಟೆಯಾಗಿರುತ್ತದೆ. ಒಂದು ಕಿಲೋ ಕೂದಲಿಗೆ ಸುಮಾರು 50 ಮುಂಗುಸಿ ಸಾಯುತ್ತವೆ. ಅದನ್ನು ಹಿಡಿಯುವುದು, ಕೂದಲು ಮಾರುವುದು ಎಲ್ಲ ನಿಷಿದ್ಧ. 2019ರ ಅಕ್ಟೋಬರ್‌ನಲ್ಲಿ 'ಆಪರೇಷನ್ ಕ್ಲೀನ್ ಆರ್ಟ್' ಅಂತ ದೇಶದ ಹಲವು ಕಡೆ ದಾಳಿ ನಡೆಯಿತು, ಕರ್ನಾಟಕದಲ್ಲೂ. ಹಾಗಾಗಿ ಮೂರು ಪಟ್ಟೆಯ ಕೂದಲು ಕಂಡರೆ ಆ ಬ್ರಷ್ ಬೇಡ. ನೈಲಾನ್ ಬ್ರಷ್ ಕೇಳಿ. ಮಗಳು ಮೊದಲು ನೀರು ಹಿಡಿಯುವುದಿಲ್ಲ ಅಂತ ಗೊಣಗಿದಳು, ವಾರದಲ್ಲಿ ಕೈ ಹೊಂದಿಕೊಂಡಿತು.

ಮದುವೆ ಮೇಕಪ್ ಮಾಡಿಸುವವರು 'ಮಿಂಕ್ ರೆಪ್ಪೆ' ಅಂದರೆ ಪ್ಯಾಕೆಟ್ ತೋರಿಸಿ ಅನ್ನಿ. ಕೆಲವು ಸಲ ಅದು ಬರೀ ಹೆಸರು, ಒಳಗೆ ಇರುವುದು ನೈಲಾನೇ. ಕೆಲವು ಸಲ ನಿಜವಾಗಿಯೂ ಮಿಂಕ್. ಪ್ರಾಣಿಯನ್ನು ಬಾಚಿದಾಗ ಉದುರಿದ ಕೂದಲು ಅಂತ ಬರೆದಿರುತ್ತಾರೆ, ಆದರೆ ಮಿಂಕ್ ಕೈಗೆ ಸಿಕ್ಕರೆ ಕಚ್ಚುವ ಪ್ರಾಣಿ, ಬಾಚಿಸಿಕೊಳ್ಳುತ್ತಾ ಕೂರುವಂಥದ್ದಲ್ಲ.

ಕೃತಕ ಫರ್ ಕೊಂಡರೆ ಮುಗಿಯಿತಾ? ಅದು ಪ್ಲಾಸ್ಟಿಕ್, ಒಗೆದಾಗಲೆಲ್ಲ ಸಣ್ಣ ಎಳೆ ಉದುರಿ ಗಟಾರಕ್ಕೆ ಹೋಗುತ್ತದೆ. ಹಾಗಾಗಿ ನಾನು ಕೂದಲೇ ಬೇಡ ಅನ್ನುತ್ತೇನೆ. ಧಾರವಾಡದ ಚಳಿಗೆ ಅದು ಬೇಕಾಗಿಯೂ ಇಲ್ಲ. ಕಂಬಳಿ ಇದೆ, ಕೌದಿ ಇದೆ.

ಕಾಕಾರ ಜಾಕೆಟ್ಟಿಗೆ ನಾನು ಮಾಡಿದ್ದು ಹೀಗೆ, ನೀವೂ ಮಾಡಬಹುದು. ಪಟ್ಟಿಯನ್ನು ಪೂರ್ತಿ ಬಿಚ್ಚಿದೆ. ಅದೇ ಅಳತೆಗೆ ಹಳೆಯ ಕಂಬಳಿಯಿಂದ 3 ಇಂಚು ಅಗಲದ ಪಟ್ಟಿ ಕತ್ತರಿಸಿದೆ. ಕಂಬಳಿ ಕತ್ತರಿಸಿದರೆ ಎಳೆ ಬಿಚ್ಚುತ್ತದೆ, ಅದಕ್ಕೆ ಮೊದಲು ಅಂಚಿಗೆ ಎರಡು ಸಾಲು ಹೊಲಿಗೆ ಹಾಕಿ, ಆಮೇಲೆ ಕತ್ತರಿ ಆಡಿಸಬೇಕು. ಹೊಸ ಕಂಬಳಿಯಾದರೆ ಹುಣಸೆ ಬೀಜದ ಗಂಜಿ ಹಾಕಿ ಬಿಗಿ ಮಾಡಿರುತ್ತಾರೆ, ಎರಡು ಸಲ ನೆನೆಸಿ ಒಗೆದರೆ ಮೆತ್ತಗಾಗುತ್ತದೆ. ಕೆನ್ನೆಗೆ ಚುಚ್ಚುತ್ತದೆ, ಹಾಗಾಗಿ ಒಳಮೈಗೆ ಕಾಕಾರ ಹೆಂಡತಿ ಕಾಕೂನ ಹಳೆಯ ಇಳಕಲ್ ಸೀರೆಯ ತುಂಡು ಕೊಟ್ಟೆ. ಬಿಚ್ಚಿದ ಚರ್ಮದ ಪಟ್ಟಿಯನ್ನು ಕಸಕ್ಕೆ ಹಾಕಲು ಕಾಕಾ ಒಪ್ಪಲಿಲ್ಲ. ಹಿತ್ತಲಲ್ಲಿ ಕರಿಬೇವಿನ ಗಿಡದ ಬುಡದಲ್ಲಿ ಒಂದು ಮೊಳ ಅಗೆದು ಹೂತರು, ಮೇಲೊಂದು ಕಲ್ಲಿಟ್ಟರು. ಮಾರ್ಚ್‌ನಲ್ಲಿ ಅದೇ ಜಾಕೆಟ್ ಹಾಕಿಕೊಂಡು ಮಗನ ಊರಿಗೆ ಹೋದರು.